ಹಸಿರು ದೀಪ ಹೇಳಿದ ಸುಳ್ಳು

"ಏನಮ್ಮ, ಆಗಿಂದ ಒಂದೇ ಅಂಕಿ ನೋಡ್ತಾ ಕೂತಿದ್ದೀಯ. ಅದೇನು ಎದ್ದು ಮಾತಾಡುತ್ತಾ?"

ಬೆನ್ನ ಹಿಂದೆ ನಿಂತಿದ್ದ ತನಿಖಾಧಿಕಾರಿ ಕೇಳಿದರು. ಪುಟ್ಟಿ ತಿರುಗಲಿಲ್ಲ. ಪರದೆಯ ಮೇಲಿದ್ದದ್ದು ಎಂಟು ಸಾವಿರದ ನೂರ ತೊಂಬತ್ತೆರಡು. ಇರಬೇಕಾಗಿದ್ದದ್ದು ಐದು ಲಕ್ಷ ಚಿಲ್ಲರೆ.

"ಮಾತಾಡ್ತಿದೆ ಮೇಡಂ," ಅಂದಳು. "ಕೇಳಿಸಿಕೊಳ್ಳೋಕೆ ನನಗೇ ಭಯ."

ಚರ್ಮ ಹದ ಮಾಡುವ ಆ ಕಾರ್ಖಾನೆಯ ಆರನೇ ತೊಟ್ಟಿಯಲ್ಲಿ, ಸೋಮವಾರ, ತೊಳೆಯಲು ಇಳಿದವನೊಬ್ಬ ವಿಷಗಾಳಿಗೆ ಸಿಕ್ಕಿ ಸತ್ತಿದ್ದ. ಕೂಗಬೇಕಾದ ಸೈರನ್ ಕೂಗಿರಲಿಲ್ಲ. ಇವತ್ತು ಶುಕ್ರವಾರ, ಮಧ್ಯಾಹ್ನ ಎರಡೂ ಮುಕ್ಕಾಲು.

ಪುಟ್ಟಿ ಅನ್ನುವುದು ಅವಳ ನಿಜವಾದ ಹೆಸರಲ್ಲ. ಅವಳಿಗೆ ಮೂವತ್ತೆರಡು ವರ್ಷ. ಕಂಪ್ಯೂಟರ್ ಕೋಣೆಯ ಹೊಣೆ ಅವಳದು. ಅವಳ ಅಣ್ಣ ಅಲ್ಲೇ ತೊಟ್ಟಿ ತೊಳೆಯುವ ತಂಡದ ಮೇಸ್ತ್ರಿ. ಅವಳು ಕೆಲಸಕ್ಕೆ ಸೇರಿದ ಮೊದಲ ದಿನ ಅವನು ಕ್ಯಾಂಟೀನಿನ ಆ ತುದಿಯಿಂದ "ಪುಟ್ಟೀ" ಅಂತ ಕೂಗಿದ್ದೇ ಕೂಗಿದ್ದು, ಗೇಟಿನ ವಾಚ್‌ಮನ್ ತನಕ ಎಲ್ಲರಿಗೂ ಅವಳು ಪುಟ್ಟಿಯೇ ಆಗಿಹೋದಳು.

ತನಿಖಾಧಿಕಾರಿ ಒಂದು ಕುರ್ಚಿ ಎಳೆದುಕೊಂಡು ಕೂತರು. ಐವತ್ತು ದಾಟಿದ ಹೆಂಗಸು. ಮಂಡಿ ನೋವು. ಕೂರುವಾಗಲೂ ಏಳುವಾಗಲೂ "ಅಯ್ಯಪ್ಪ" ಅನ್ನುವ ಅಭ್ಯಾಸ.

"ನನಗೆ ಕಂಪ್ಯೂಟರ್ ಅಂದ್ರೆ ಅಷ್ಟಕ್ಕಷ್ಟೆ. ಮೊಮ್ಮಗಳಿಗೆ ಹೇಳೋ ಹಾಗೆ ಹೇಳು."

ಪುಟ್ಟಿ ಯೋಚಿಸಿದಳು. ತಪ್ಪಾಗಿ ಹೇಳಿಬಿಟ್ಟರೆ ಅನ್ನುವ ಅಳುಕು ಅವಳಿಗೆ ಯಾವಾಗಲೂ ಇದ್ದದ್ದೇ.

"ಈ ಒಂದು ಯಂತ್ರದೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಕಂಟೇನರ್ ಮಾಡಿದ್ದೀವಿ ಮೇಡಂ. ಬೇರೆ ಬೇರೆ ಮನೆ ಇದ್ದ ಹಾಗೆ. ಆರು ತೊಟ್ಟಿಗೆ ಆರು ಮನೆ, ಒಂದೊಂದು ಮನೇಲಿ ಒಬ್ಬೊಬ್ಬ ಕಾವಲುಗಾರ, ಅಂದ್ರೆ ಒಂದೊಂದು ಪ್ರೋಗ್ರಾಂ. ತೊಟ್ಟಿ ಒಳಗಿನ ಮೀಟರ್ ಆಗಾಗ ಒಂದು ಫೈಲ್ ಕಳಿಸುತ್ತೆ. ಫೈಲ್ ಬಂದ ಕೂಡಲೇ ಕರ್ನಲ್ ಕಾವಲುಗಾರನನ್ನ ತಟ್ಟಿ ಎಬ್ಬಿಸುತ್ತೆ. ಅವನು ಓದಿ, ಗಾಳಿ ಕೆಟ್ಟಿದ್ರೆ ಸೈರನ್ ಒತ್ತುತ್ತಾನೆ."

"ಕರ್ನಲ್ ಅಂದ್ರೆ?"

"ಗೋಡೆ ಬೇರೆ ಬೇರೆಯಾದ್ರೂ ಎಲ್ಲ ಮನೆಗೂ ಅಡಿಪಾಯ ಒಂದೇ. ಅದು ಕರ್ನಲ್. ನನ್ನ ಈ ಫೋಲ್ಡರ್ ಮೇಲೆ ನಿಗಾ ಇಡಪ್ಪಾ ಅಂತ ಪ್ರತಿ ಮನೆಯವರೂ ಅದರ ಹತ್ರ ಚೀಟಿ ಬರೆಸಬೇಕು. ಎಲ್ಲ ಮನೆಗೂ ಸೇರಿ ಇಷ್ಟೇ ಚೀಟಿ ಅಂತ ಒಂದು ಮಿತಿ ಇದೆ. ಅದೇ ಈ ಅಂಕಿ."

"ಆರು ತೊಟ್ಟಿಗೆ ಎಂಟು ಸಾವಿರ ಚೀಟಿ ಸಾಲಲ್ವಾ?"

"ಏಳನೇ ಮನೆ ಒಂದಿದೆ. ಹಳೇ ಕಾಗದಪತ್ರದ ಮನೆ. ಅದರಲ್ಲಿ ನಲವತ್ತು ಸಾವಿರ ಫೋಲ್ಡರ್. ಅದು ಮೊದಲು ಎದ್ದು ಇರೋ ಚೀಟಿ ಎಲ್ಲ ಬಾಚಿಕೊಂಡ್ರೆ ತೊಟ್ಟಿಗಳಿಗೆ ಒಂದೂ ಉಳಿಯಲ್ಲ. ಅದಕ್ಕೇ ಆರು ತಿಂಗಳ ಹಿಂದೆ ನಾನೇ ಮಿತೀನ ಐದು ಲಕ್ಷಕ್ಕೆ ಏರಿಸಿದ್ದೆ."

"ಚೀಟಿ ಸಿಗದ ಕಾವಲುಗಾರ ಏನು ಮಾಡ್ತಾನೆ?"

ಈ ಪ್ರಶ್ನೆಗೆ ಹೆದರಿಯೇ ಪುಟ್ಟಿ ಬೆಳಗಿನಿಂದ ನೀರು ಕೂಡ ಕುಡಿದಿರಲಿಲ್ಲ.

"ಸುಮ್ಮನೆ ಕೂತಿರುತ್ತಾನೆ ಮೇಡಂ. ಸತ್ತುಬಿಟ್ಟಿದ್ರೆ ಕೆಂಪು ದೀಪ ಬರ್ತಿತ್ತು, ನಮಗೆ ಗೊತ್ತಾಗ್ತಿತ್ತು. ಅವನು ಸಾಯಲ್ಲ. ಬದುಕಿದ್ದಾನೆ ಅಂತ ಹಸಿರು ದೀಪ ಉರೀತಾನೇ ಇರುತ್ತೆ. ಯಾರೂ ತಟ್ಟಲ್ಲ. ಅವನು ಏಳಲ್ಲ."

ತನಿಖಾಧಿಕಾರಿ ಮಂಡಿ ನೀವಿಕೊಂಡರು. ಪಕ್ಕದ ಕಪಾಟಿನಲ್ಲಿ ಫ್ಯಾನುಗಳು ಗುಂಯ್ ಅನ್ನುತ್ತಿದ್ದವು.

"ಡಿಸ್ಕ್ ತುಂಬಿತ್ತು ಅಂತ ಎಲ್ಲರೂ ಹೇಳಿದ್ರಲ್ಲ."

"ಚೀಟಿ ಮುಗಿದ್ರೂ ಯಂತ್ರ ಅದೇ ಮಾತು ಹೇಳುತ್ತೆ, ಸಾಧನದಲ್ಲಿ ಜಾಗ ಇಲ್ಲ ಅಂತ. ಓದಿದೋರು ಡಿಸ್ಕ್ ಅಂದ್ಕೊಂಡ್ರು. ಜಾಗ ಮಾಡೋಕೆ ಅಂತ ಹಳೇ ದಾಖಲೆ ಎಲ್ಲ ಅಳಿಸಿದ್ರು."

"ಅಳಿಸಿದ್ದು ಯಾರು?"

"ನಮ್ಮ ಮೇಷ್ಟ್ರು."

ವಿಭಾಗದ ಮುಖ್ಯಸ್ಥರನ್ನು ಪುಟ್ಟಿ ಕರೆಯುತ್ತಿದ್ದದ್ದು ಹಾಗೆ. ಅವರು ಇಲ್ಲಿಗೆ ಬರುವ ಮುಂಚೆ ಸಂಜೆ ತರಗತಿಯಲ್ಲಿ ಅವಳಿಗೆ ಪಾಠ ಹೇಳಿದ್ದವರು. ಅವಳಿಗೆ ಈ ಕೆಲಸ ಕೊಡಿಸಿದವರೂ ಅವರೇ.

ತನಿಖಾಧಿಕಾರಿ ತಮ್ಮ ಪುಟ್ಟ ಪುಸ್ತಕದಲ್ಲಿ ಏನೋ ಗೀಚಿದರು. "ನೀನು ಏರಿಸಿದ್ದ ಅಂಕಿ ತಾನಾಗೇ ಇಳಿಯುತ್ತಾ?"

ಇಳಿಯುತ್ತಿತ್ತು. ಮಿತಿ ಏರಿಸಲು ಒಂದು ಸಾಲಿನ ಆಜ್ಞೆ ಕೊಟ್ಟರೆ ಸಾಕು, ಕೂಡಲೇ ಏರುತ್ತದೆ. ಆದರೆ ಯಂತ್ರ ಒಮ್ಮೆ ಆರಿ ಹತ್ತಿತೆಂದರೆ ಅದು ಎಲ್ಲ ಮರೆತುಬಿಡುತ್ತದೆ. ಮರೆಯಬಾರದೆಂದರೆ ಅದೇ ಅಂಕಿಯನ್ನು ಶಾಶ್ವತ ಫೈಲಿನಲ್ಲೂ ಬರೆದಿಡಬೇಕು. ಅವಸರದಲ್ಲಿ ಬರೆಯಲು ಮರೆಯದವರು ಈ ಕಸುಬಿನಲ್ಲಿ ಕಡಿಮೆ. ಈ ಕಾರ್ಖಾನೆಯಲ್ಲಂತೂ ಪ್ರತಿ ಸೋಮವಾರ ಬೆಳಿಗ್ಗೆ ಆರಕ್ಕೆ ಯಂತ್ರವನ್ನು ಆರಿಸಿ ಹಚ್ಚುವ ಪದ್ಧತಿ.

ಅವನು ಸತ್ತದ್ದು ಸೋಮವಾರ, ಒಂಬತ್ತು ಗಂಟೆಗೆ.

ನಾನು ಬರೆದಿದ್ದೆನೋ, ಇಲ್ಲವೋ? ಬರೆಯದಿದ್ದರೂ ಇಷ್ಟು ತಿಂಗಳು ಹಸಿರು ದೀಪ ಉರಿಯುತ್ತಲೇ ಇರುತ್ತಿತ್ತು. ಬೀಗ ಹಾಕಿ ಹತ್ತು ಹೆಜ್ಜೆ ಹೋದ ಮೇಲೆ ವಾಪಸ್ ಬಂದು ಜಗ್ಗಿ ನೋಡುವವಳು ಅವಳು. ಆದರೂ ಈಗ ನೆನಪು ಕೈಕೊಡುತ್ತಿತ್ತು. ಮರೆತಿದ್ದರೆ ಆ ಮನುಷ್ಯನನ್ನು ಕೊಂದದ್ದು ಅವಳೇ.

"ತೆಗಿ," ಅಂದರು ತನಿಖಾಧಿಕಾರಿ, ಅವಳ ಮುಖ ನೋಡಿ. "ತೆಗೆಯೋ ತನಕ ಹೀಗೇ ನಡುಗ್ತಿರ್ತೀಯ."

ಪುಟ್ಟಿ ಫೈಲ್ ತೆರೆದಳು.

ಇತ್ತು. ಅರವತ್ತು ಎಂಬ ಅಂಕಿಯಿಂದ ಶುರುವಾಗುವ ಹೆಸರಿನ ಫೈಲು. ಒಳಗೆ ಅವಳೇ ಬರೆದ ಸಾಲು, ಐದು ಲಕ್ಷದ ಇಪ್ಪತ್ನಾಲ್ಕು ಸಾವಿರದ ಇನ್ನೂರ ಎಂಬತ್ತೆಂಟು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಒಂದು ಉಸಿರಿನಷ್ಟು ಹೊತ್ತು ಹಗುರಾಯಿತು.

ಆಮೇಲೆ ಅದರ ಕೆಳಗೆ ಇನ್ನೊಂದು ಫೈಲು ಕಂಡಿತು. ತೊಂಬತ್ತೊಂಬತ್ತರಿಂದ ಶುರುವಾಗುವ ಹೆಸರು. ಒಳಗೆ ಒಂದೇ ಸಾಲು. ಎಂಟು ಸಾವಿರದ ನೂರ ತೊಂಬತ್ತೆರಡು.

"ಮೇಡಂ," ಅಂದಳು. ಫೈಲಿನ ಹೆಸರು ತೋರಿಸಿದಳು. "ಇದು ಮರೆವಲ್ಲ. ಯಂತ್ರ ಈ ಫೈಲುಗಳನ್ನ ಹೆಸರಿನ ಕ್ರಮದಲ್ಲಿ ಓದುತ್ತೆ. ಎರಡು ಫೈಲು ಒಂದೇ ವಿಷಯ ಹೇಳಿದ್ರೆ ಕೊನೇಲಿ ಓದಿದ್ದೇ ನಿಲ್ಲುತ್ತೆ. ಯಾರೋ ನನ್ನ ಫೈಲ್ ಮುಟ್ಟದೆ, ಅದರ ಆಮೇಲೆ ಬರೋ ಹೆಸರಿಟ್ಟು ಇದನ್ನ ತಂದಿಟ್ಟಿದ್ದಾರೆ. ಶನಿವಾರ, ಮೂರು ನಲವತ್ತಕ್ಕೆ."

"ಭಾನುವಾರ ರಜ. ಸೋಮವಾರ ಬೆಳಿಗ್ಗೆ ಯಂತ್ರ ಎದ್ದಾಗ ಕೆಲಸ ಆಗಿತ್ತು." ತನಿಖಾಧಿಕಾರಿ ಪೆನ್ನಿನ ಕ್ಯಾಪ್ ಮುಚ್ಚಿದರು. "ಕೊಲೆ. ಐದು ದಿನದಿಂದ ನನ್ನ ಮನಸ್ಸು ಇದನ್ನೇ ಹೇಳ್ತಿತ್ತು. ಈ ಹೆಸರಿನ ಕ್ರಮದ ಗುಟ್ಟು ಇಲ್ಲಿ ಯಾರ್ಯಾರಿಗೆ ಗೊತ್ತು?"

"ನನಗೆ ಗೊತ್ತು," ಅಂದಳು ಪುಟ್ಟಿ. ಆಮೇಲೆ ಬಹಳ ಮೆಲ್ಲಗೆ, "ನನಗೆ ಕಲಿಸಿದೋರಿಗೆ ಗೊತ್ತು."

ತನಿಖಾಧಿಕಾರಿ ಗಡಿಯಾರ ನೋಡಿಕೊಂಡರು. "ಆ ತೊಟ್ಟಿ ತಳದಲ್ಲಿ ಏನೋ ಇದೆ, ಸರ್ಕಾರದಿಂದ ತಪಾಸಣೆಗೆ ಬರೋರಿಗೆ ತೋರಿಸ್ತೀನಿ ಅಂತ ಸತ್ತವನು ಹೆಂಡತಿ ಹತ್ರ ಹೇಳಿದ್ದನಂತೆ. ಹೇಳಿದ ಮೂರೇ ದಿನಕ್ಕೆ ಹೋದ. ಅದಕ್ಕೇ ಇವತ್ತು ನಾಲ್ಕು ಗಂಟೆಗೆ ನಾನೇ ಇಳಿದು ನೋಡ್ತೀನಿ. ನಿನ್ನೆಯಿಂದ ಮುಚ್ಚಳ ತೆಗೆದು ಗಾಳಿ ಆಡೋಕೆ ಬಿಟ್ಟಿದ್ದಾರೆ."

"ಗಾಳಿ ಈಗ ಚೆನ್ನಾಗೇ ಇರುತ್ತೆ ಮೇಡಂ. ಕೆಸರು ಕದಡಿದಾಗ ಏಳೋದು ಅದು. ಮೊದಲು ಕೊಳೆತ ಮೊಟ್ಟೆ ವಾಸನೆ ಬರುತ್ತೆ, ಆಮೇಲೆ ವಾಸನೆ ಹೋಗುತ್ತೆ. ಗಾಳಿ ಹೋಗಿರಲ್ಲ, ಮೂಗು ಸತ್ತಿರುತ್ತೆ. ಮುಖವಾಡದ ಗಾಳಿ ಹತ್ತೇ ನಿಮಿಷ ಬರೋದು, ಮೊದಲೇ ಹಾಕ್ಕೊಂಡು ಇಳಿಯೋಕಾಗಲ್ಲ; ಸೈರನ್ ಕೂಗಿದ್ರೆ ಮಾತ್ರ ಅದನ್ನ ಹಾಕ್ಕೊಳ್ಳೋ ಹೊತ್ತು ಸಿಗುತ್ತೆ."

"ಹಾಗಾದ್ರೆ ಕೂಗೋ ಹಾಗೆ ಮಾಡು. ನೀನು ಸರಿ ಇದೆ ಅಂದ್ರೆ ಇಳೀತೀನಿ, ಇಲ್ಲಾಂದ್ರೆ ಇಲ್ಲ. ಈ ಕಾರ್ಖಾನೇಲಿ ನಾನು ನಂಬಿರೋದು ಒಬ್ಬಳನ್ನೇ."

ಆ ಮಾತು ಪುಟ್ಟಿಯ ಎದೆಯ ಮೇಲೆ ಕಲ್ಲಿನ ಹಾಗೆ ಕೂತಿತು.

ಅವಳು ಮೊದಲು ಆ ಎರಡನೇ ಫೈಲಿನ ನಕಲು ತೆಗೆದು ತನಿಖಾಧಿಕಾರಿಯ ಕೈಗೆ ಕೊಟ್ಟಳು. ಮೂಲವನ್ನು ಬೇರೆ ಕಡೆ ಸರಿಸಿದಳು. ಮಿತಿಯನ್ನು ಮತ್ತೆ ಐದು ಲಕ್ಷಕ್ಕೆ ಏರಿಸಿದಳು. ಕಂಟೇನರಿನ ಒಳಗೆ ಕೂತು ಈ ಅಂಕಿಯನ್ನು ಓದಬಹುದು, ಬದಲಿಸಲಾಗದು, ಅಡಿಪಾಯಕ್ಕೇ ಇಳಿಯಬೇಕು. ಆಮೇಲೆ ಕಾವಲುಗಾರರು ಹೊಸದಾಗಿ ಚೀಟಿ ಬರೆಸಿಕೊಳ್ಳಲಿ ಎಂದು ಆರೂ ಮನೆಗಳನ್ನು ಒಂದೊಂದಾಗಿ ಆರಿಸಿ ಹಚ್ಚಿದಳು. ಕೊನೆಗೆ ಕೆಟ್ಟ ಗಾಳಿಯ ಲೆಕ್ಕ ಬರೆದ ಒಂದು ಸುಳ್ಳು ಫೈಲನ್ನು ಆರನೇ ಮನೆಯೊಳಗೆ ಹಾಕಿದಳು.

ಅಂಗಳದಾಚೆ ಸೈರನ್ ಕಿರುಚಿತು. ಇಬ್ಬರೂ ಬೆಚ್ಚಿದರು. ಪುಟ್ಟಿ ಕೂಡಲೇ ನಿಲ್ಲಿಸಿದಳು.

"ಅಯ್ಯಪ್ಪ," ಎಂದು ತನಿಖಾಧಿಕಾರಿ ಎದ್ದರು. "ಈಗ ಸ್ವಲ್ಪ ಧೈರ್ಯ ಬಂತು. ನಾನು ಇಳಿಯೋವಾಗ ಸೊಂಟದ ಹಗ್ಗ ಹಿಡಿಯೋದು ನಿಮ್ಮಣ್ಣ ಅಂತೆ. ಗಟ್ಟಿ ಮನುಷ್ಯ ತಾನೇ?"

"ನನ್ನನ್ನ ಓದಿಸಿದ್ದೇ ಅವನು ಮೇಡಂ."

"ಹಾಗಾದ್ರೆ ಸರಿ. ನಿಮ್ಮ ಮೇಷ್ಟ್ರನ್ನ ನಾನು ಮೇಲೆ ಬಂದ ಮೇಲೆ ಮಾತಾಡಿಸ್ತೀನಿ. ನೀನು ಅವರ ಹತ್ರ ಬಾಯಿ ಬಿಡಬೇಡ."

ಪುಟ್ಟಿ ತಲೆಯಾಡಿಸಿದಳು. ಅರ್ಧ ಗಂಟೆ ಹೇಗೋ ತಡೆದುಕೊಂಡಳು. ಮೂರೂ ಮುಕ್ಕಾಲಿಗೆ ಎದ್ದು ಮೇಷ್ಟ್ರ ಗಾಜಿನ ಕೋಣೆಯ ಬಾಗಿಲು ತಳ್ಳಿದಳು.

ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಐದು ದಿನದಲ್ಲಿ ಅವರ ಮುಖ ಇಳಿದುಹೋಗಿತ್ತು.

"ಬಾ ತಾಯಿ. ಸೈರನ್ ಕೂಗಿಸಿದ್ದು ನೀನೇನಾ?"

"ತೊಂಬತ್ತೊಂಬತ್ತರ ಫೈಲು ಸಿಕ್ಕಿತು ಮೇಷ್ಟ್ರೇ."

ಕನ್ನಡಕ ಒರೆಸುವ ಕೈ ನಿಂತಿತು.

"ಇಟ್ಟದ್ದು ನೀವು," ಅಂದಳು ಪುಟ್ಟಿ. ಬಾಗಿಲ ಹಿಡಿಕೆ ಬಿಡಲಿಲ್ಲ. "ಆಮೇಲೆ ಡಿಸ್ಕ್ ತುಂಬಿದೆ ಅಂತ ಹೇಳಿ ದಾಖಲೆ ಅಳಿಸಿದ್ರಿ. ಡಿಸ್ಕ್ ಅರ್ಧ ಖಾಲಿ ಇತ್ತು. ನಿಮಗೆ ಅದು ಗೊತ್ತಾಗದೆ ಇರೋಕೆ ಸಾಧ್ಯವೇ ಇಲ್ಲ. ಒಬ್ಬ ಮನುಷ್ಯ ಸತ್ತ ಮೇಷ್ಟ್ರೇ. ಅವನ ಹೆಂಡತಿ ಕ್ಯಾಂಟೀನಿನಲ್ಲಿ ನನ್ನ ಎದುರೇ ಕೂತ್ಕೊತಿದ್ಲು."

"ಗೊತ್ತಿತ್ತು," ಅಂದರು ಮೇಷ್ಟ್ರು.

"ಏನು ಗೊತ್ತಿತ್ತು?"

"ಡಿಸ್ಕ್ ಖಾಲಿ ಇದೆ ಅಂತ. ಸೋಮವಾರ ಹತ್ತು ಗಂಟೆಗೇ ಆ ಫೈಲ್ ನೋಡಿದೆ. ನೋಡಿ, ಬಾಯಿ ಮುಚ್ಕೊಂಡೆ. ಬೇಕು ಅಂತಲೇ ದಾಖಲೆ ಅಳಿಸಿದೆ. ಅಳಿಸೋದಕ್ಕೆ ಮೊದಲು ಒಂದು ಹಾಳೆ ಮುದ್ರಿಸಿಕೊಂಡೆ. ಮನಸ್ಸು ತಡೀಲಿಲ್ಲ."

ಡ್ರಾಯರಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲೆ ತಳ್ಳಿದರು. ಅವಳನ್ನು ನೋಡಲಿಲ್ಲ.

"ಇನ್ನೂರು ಜನಕ್ಕೆ ಆ ಪಾಠ ಹೇಳಿರಬಹುದು ನಾನು. ತಲೆಗೆ ಹತ್ತಿಸಿಕೊಂಡೋಳು ನೀನೊಬ್ಬಳೇ. ಅದಕ್ಕೇ ಅಳಿಸಿದೆ ಕಣಮ್ಮ. ನಿನಗೋಸ್ಕರ."

ಪುಟ್ಟಿ ಕಾಗದ ಬಿಡಿಸಿದಳು. ಯಾರು, ಯಾವಾಗ, ಎಲ್ಲಿಂದ ಯಂತ್ರದೊಳಗೆ ಬಂದರೆಂಬ ದಾಖಲೆ ಅದು. ಶನಿವಾರ ಮಧ್ಯಾಹ್ನ ಮೂರು ಮೂವತ್ತೆಂಟಕ್ಕೆ ಬಂದದ್ದು ಒಬ್ಬರೇ.

ಅದು ಅವಳ ಹೆಸರು.

"ಇಲ್ಲ," ಅಂದಳು. "ಶನಿವಾರ ಮಧ್ಯಾಹ್ನ ನಾನು ಇಲ್ಲಿರಲೇ ಇಲ್ಲ. ಅರ್ಧ ದಿನ ರಜ ಹಾಕಿದ್ದೆ. ಅತ್ತಿಗೆಯ ಕಣ್ಣು ತೋರಿಸೋಕೆ ಆಸ್ಪತ್ರೆಗೆ ಹೋಗಿದ್ದೆ. ಅಣ್ಣನಿಗೆ ಡ್ಯೂಟಿ ಅಂತ ನಾನೇ..."

ಹೆಸರಿನ ಮುಂದೆ, ಎಲ್ಲಿಂದ ಎಂಬ ಜಾಗದಲ್ಲಿ, ತೊಟ್ಟಿಗಳ ಹಜಾರದ ಕಂಪ್ಯೂಟರ್ ಎಂದಿತ್ತು.

ಹೋದ ವರ್ಷ ಜ್ವರ ಬಂದು ಮಲಗಿದ್ದಾಗ, ಸೈರನ್ ದೀಪ ಸರಿ ಇದೆಯಾ ನೋಡು ಎಂದು ಅವಳು ಫೋನಿನಲ್ಲಿ ಒಬ್ಬನಿಗೆ ಮಾತ್ರ ಪಾಸ್‌ವರ್ಡ್ ಹೇಳಿದ್ದಳು. ಆಮೇಲೆ ಬದಲಿಸಬೇಕಿತ್ತು. ದಿನಕ್ಕೆ ಮೂರು ಸಲ ಬೀಗ ಜಗ್ಗಿ ನೋಡುವವಳು ಅದನ್ನು ಬದಲಿಸಲಿಲ್ಲ. ಅವನಿಗೆ ಹೇಳಿದರೆ ಹೊರಗಿನವರಿಗೆ ಹೇಳಿದ ಹಾಗೆಯೇ ಎಂದು ಅವಳಿಗೆ ಅನ್ನಿಸಿರಲೇ ಇಲ್ಲ.

"ಮೇಷ್ಟ್ರೇ, ನೀವು ಪಾಠ ಹೇಳಿದ್ದು ನನಗೆ," ಅಂದಳು. ತನ್ನದೇ ಧ್ವನಿ ದೂರದಿಂದ ಕೇಳಿದ ಹಾಗಿತ್ತು. "ಪರೀಕ್ಷೆಗೆ ಮುಂಚೆ ಅಡುಗೆಮನೆಯಲ್ಲಿ ನನ್ನ ನೋಟ್ ಪುಸ್ತಕ ಹಿಡ್ಕೊಂಡು ಪ್ರಶ್ನೆ ಕೇಳ್ತಿದ್ದೋನು ಅಣ್ಣ. ಕೊನೇಲಿ ಓದಿದ್ದು ನಿಲ್ಲುತ್ತೆ ಅನ್ನೋದನ್ನ ನಾನು ಪ್ರತಿ ಸಲ ತಪ್ಪು ಹೇಳ್ತಿದ್ದೆ. ಅವನು ನಗಾಡಿ ತಿದ್ದುತ್ತಿದ್ದ."

ಮೇಷ್ಟ್ರು ಎದ್ದು ನಿಂತರು. "ಹಗ್ಗ ಹಿಡಿಯೋದು..."

ಪುಟ್ಟಿ ಆಗಲೇ ಓಡುತ್ತಿದ್ದಳು.

ಕಂಪ್ಯೂಟರ್ ಕೋಣೆಯ ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆ ನಾಲ್ಕು ನಿಮಿಷ. ಆರೂ ದೀಪ ಹಸಿರಾಗಿದ್ದವು. ಅವಳು ನಿಂತುಕೊಂಡೇ ಒಂದು ಸಾಲು ಒತ್ತಿ ಮಿತಿ ಎಷ್ಟೆಂದು ಕೇಳಿದಳು.

ಎಂಟು ಸಾವಿರದ ನೂರ ತೊಂಬತ್ತೆರಡು.

ಈಗ ಯಂತ್ರದೊಳಗೆ ಯಾರಿದ್ದಾರೆಂದು ಕೇಳಿದಳು. ಅವಳ ಹೆಸರು ಬಂತು. ಅದರ ಕೆಳಗೆ ಮತ್ತೆ ಅವಳದೇ ಹೆಸರು. ಒಂದು ಈ ಕುರ್ಚಿಯಿಂದ, ಇನ್ನೊಂದು ತೊಟ್ಟಿಗಳ ಹಜಾರದಿಂದ. ಆರನೇ ಮನೆಯನ್ನು ಯಾರೋ ಮೂರು ಐವತ್ತೆರಡಕ್ಕೆ ಆರಿಸಿ ಹಚ್ಚಿದ್ದರು. ಇದ್ದ ಚೀಟಿಯೆಲ್ಲ ಕಾಗದಪತ್ರದ ಮನೆಯ ಕೈಯಲ್ಲಿದ್ದದ್ದರಿಂದ ಆರನೆಯವನಿಗೆ ಒಂದೂ ಸಿಕ್ಕಿರಲಿಲ್ಲ.

ಅವಳು ಹಜಾರಕ್ಕೆ ಫೋನ್ ಮಾಡಿ ಸ್ಪೀಕರ್ ಒತ್ತಿದಳು. ಮೂರು ಸಲ ಗಂಟೆ ಬಾರಿಸಿತು.

"ಹೇಳು ಪುಟ್ಟಿ," ಅಂದ ಅಣ್ಣ. ಮನೆಯಲ್ಲಿ ಊಟಕ್ಕೆ ಕರೆಯುವಾಗಿನ ಧ್ವನಿಯೇ.

"ಮೇಡಂ ಎಲ್ಲಿ?"

"ಇಳಿದಾಯ್ತಲ್ಲ. ತಳದಲ್ಲಿ ಕೋಲು ಹಾಕಿ ಕೆದಕ್ತಾ ಇದ್ದಾರೆ. ಕುತೂಹಲದ ಹೆಂಗಸು."

"ಮೇಲೆ ಎಳಿ ಅಣ್ಣ. ಈಗಲೇ ಎಳಿ. ಸೈರನ್ ಕೆಲಸ ಮಾಡ್ತಿಲ್ಲ."

"ಆಗ ಕೂಗಿತಲ್ಲ, ನಾನೇ ಕೇಳಿದೆ."

"ಅಣ್ಣ, ಹಗ್ಗ ಹಿಡ್ಕೊಂಡಿದ್ದೀಯಾ?"

"ಹಗ್ಗ ಇಲ್ಲೇ ನೆಲದ ಮೇಲಿದೆ," ಅಂದ. "ನೋಡು ಪುಟ್ಟಿ, ಎರಡು ಸಲವೂ ನಿನ್ನ ಹೆಸರಲ್ಲೇ ಆಗಿದೆ. ನಾನು ಹೇಳೋ ತನಕ ಏನೂ ಮುಟ್ಟಬೇಡ. ಮುಟ್ಟದೆ ಇದ್ರೆ ನಿನಗೇನೂ ಆಗಲ್ಲ, ಆ ಜವಾಬ್ದಾರಿ ನಂದು. ಯಾವತ್ತಾದ್ರೂ ನಿನಗೆ ಕೆಟ್ಟದ್ದಾಗೋಕೆ ಬಿಟ್ಟಿದ್ದೀನಾ ನಾನು?"

ಬಿಟ್ಟಿರಲಿಲ್ಲ. ಅವಳಿಗೆ ಅಳು ಬಂತು. ಅಳುತ್ತಲೇ ಮಿತಿ ಏರಿಸುವ ಸಾಲನ್ನು ಒತ್ತಿದಳು.

ಯಂತ್ರ ಪಾಸ್‌ವರ್ಡ್ ಕೇಳಿತು. ಕೊಟ್ಟಳು. ತಪ್ಪು ಎಂದಿತು. ನಿಧಾನವಾಗಿ, ಒಂದೊಂದೇ ಅಕ್ಷರ ನೋಡಿಕೊಂಡು ಇನ್ನೊಮ್ಮೆ ಕೊಟ್ಟಳು. ತಪ್ಪು. ಅವಳು ಒಂದು ವರ್ಷ ಬದಲಿಸದೆ ಬಿಟ್ಟದ್ದನ್ನು ಅವನು ಇವತ್ತು ಬದಲಿಸಿದ್ದ.

ಹಿಂದಿನಿಂದ ಏದುಸಿರಿನ ಸದ್ದು. ಮೇಷ್ಟ್ರು ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದರು. ಸ್ವಲ್ಪ ಹೊತ್ತಿನ ಹಿಂದೆ ಅವರ ಮುಖಕ್ಕೇ ಕೊಲೆಗಾರ ಅಂದವಳು ಅವಳು.

ಪುಟ್ಟಿ ಕುರ್ಚಿಯ ಮುಂದಿನಿಂದ ಸರಿದಳು. ಪರದೆಯ ಮೇಲಿನ ತನ್ನ ಎರಡನೇ ಹೆಸರನ್ನು ಬೆರಳಿಟ್ಟು ತೋರಿಸಿದಳು.

ಮೇಷ್ಟ್ರು ಕೂತರು. ತಮ್ಮ ಹೆಸರಿನಲ್ಲಿ ಒಳಗೆ ಹೋದರು. ಮೊದಲು ಹಜಾರದ ಆ ಎರಡನೆಯವನನ್ನು ಹೊರಗೆ ಹಾಕಿದರು. ಆಮೇಲೆ ಮಿತಿ. ಅಂಕಿ ಏರಿತು. ಆರನೇ ಮನೆ ಆರಿತು, ಹತ್ತಿತು.

"ಚೀಟಿ ಸಿಕ್ಕಿತು," ಅಂದರು. "ಇನ್ನು ಮೀಟರಿನಿಂದ ಮುಂದಿನ ಫೈಲ್ ಬರಬೇಕು."

ಕೂಗದಿರಲಿ ಎಂದು ಪುಟ್ಟಿ ಬೇಡಿಕೊಂಡಳು. ಕೂಗದಿದ್ದರೆ ಗಾಳಿ ಇನ್ನೂ ಚೆನ್ನಾಗಿದೆ ಎಂದರ್ಥ.

ಒಂದು. ಎರಡು. ಮೂರು.

ಅಂಗಳದಾಚೆ ಸೈರನ್ ಕೂಗಿತು. ಈ ಸಲ ಅವಳು ಯಾವ ಸುಳ್ಳು ಫೈಲನ್ನೂ ಹಾಕಿರಲಿಲ್ಲ.

"ಅಣ್ಣ," ಎಂದು ಪುಟ್ಟಿ ಫೋನಿಗೆ ಬಾಗಿದಳು. "ಅಣ್ಣ, ಅವರನ್ನ ಎಳಿ. ನಿನ್ನ ಕಾಲಿಗೆ ಬೀಳ್ತೀನಿ."

ಫೋನಿನೊಳಗೂ ಅದೇ ಸೈರನ್, ಹತ್ತಿರದಿಂದ. ಅದರ ಅಡಿಯಲ್ಲಿ ಇನ್ನೊಂದು ಸದ್ದು ಕೇಳಿಸಿತು. ಸಿಮೆಂಟಿನ ಮೇಲೆ ಕಬ್ಬಿಣ ಉಜ್ಜುವ ಸದ್ದು. ತೊಟ್ಟಿಯ ಬಾಯಿ ಮುಚ್ಚಲು ಮುಚ್ಚಳ ಎಳೆಯುತ್ತಿದ್ದರು; ಇಬ್ಬರು ಗಟ್ಟಿಗರು ಬೇಕು ಅದಕ್ಕೆ.

ಅಣ್ಣನ ಜೊತೆ ಅಲ್ಲಿ ಇನ್ನೊಬ್ಬರಿದ್ದರು.